ಸಾಲ ವಸೂಲಿಯವರು ಬಂದರೆ ಮೊದಲು ಕಾಗದ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡು ಕಂತು ತಪ್ಪಿದೆ. ಗೊತ್ತಿಲ್ಲದ ನಂಬರಿನಿಂದ ಮೇಲಿಂದ ಮೇಲೆ ಫೋನು ಬರುತ್ತಿದೆ, ಇಲ್ಲವೇ ಇಬ್ಬರು ಬಾಗಿಲಲ್ಲಿ ಬಂದು ನಿಂತಿದ್ದಾರೆ. ಆ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದಷ್ಟೇ ಇವತ್ತಿನ ಮಾತು. ಪಡೆದ ಸಾಲ ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು ಅನ್ನುವುದನ್ನು ಕಾಗದ ನೋಡಿ ತೀರ್ಮಾನಿಸಿ. ದನಿ ಏರಿಸಿದವರ ಮಾತು ಕೇಳಿ ತೀರ್ಮಾನಿಸಬೇಡಿ.

ಬ್ಯಾಂಕಾಗಲಿ, ಫೈನಾನ್ಸ್ ಕಂಪನಿಯಾಗಲಿ, ವಸೂಲಿಯನ್ನು ಏಜೆನ್ಸಿಗೆ ಒಪ್ಪಿಸಿದರೆ ಆ ಏಜೆನ್ಸಿ ಯಾವುದು ಎಂದು ನಿಮಗೆ ತಿಳಿಸಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಮನೆಗೆ ಬರುವ ಏಜೆಂಟನ ಕೈಯಲ್ಲಿ ಗುರುತಿನ ಚೀಟಿ, ಸಾಲ ಕೊಟ್ಟವರು ಬರೆದ ಅಧಿಕಾರ ಪತ್ರ, ನಿಮಗೆ ಕಳಿಸಿದ ನೋಟಿಸಿನ ಪ್ರತಿ, ಈ ಮೂರೂ ಇರಬೇಕು. "ಕಾಗದ ತೋರಿಸಿ" ಅನ್ನಿ. ತೋರಿಸಿದರೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ತೋರಿಸದಿದ್ದರೆ ಮಾತು ಬೆಳೆಸಬೇಡಿ, ಒಳಗೂ ಕರೆಯಬೇಡಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಹೆಣ್ಣುಮಗಳು ಹೊಲಿಗೆ ಮಾಡಿ ಸಂಸಾರ ನಡೆಸುತ್ತಾಳೆ ಅಂದುಕೊಳ್ಳಿ. ಯಾವ ಅಡಮಾನವೂ ಇಲ್ಲದೆ 40,000 ರೂಪಾಯಿ ವೈಯಕ್ತಿಕ ಸಾಲ ಪಡೆದಿದ್ದಾಳೆ. ಎರಡು ಕಂತು ಬಾಕಿ. ಒಂದು ದಿನ ರಾತ್ರಿ ಎಂಟು ಗಂಟೆಗೆ ಫೋನು. "ನಾಳೆ ಪೊಲೀಸರನ್ನ ಕರ್ಕೊಂಡು ಬರ್ತೀವಿ. ಮಷೀನ್ ಎತ್ಕೊಂಡು ಹೋಗ್ತೀವಿ. ನಿಮ್ಮ ಅಕ್ಕಪಕ್ಕದವರಿಗೆಲ್ಲ ಫೋನ್ ಮಾಡಿ ಹೇಳ್ತೀವಿ. ಇನ್ನು ಅರ್ಧ ಗಂಟೇಲಿ ಈ ನಂಬರಿಗೆ 5,000 ಹಾಕಿ." ಆಕೆ ಗಾಬರಿಯಾಗಿ ಪಕ್ಕದ ಮನೆಯಲ್ಲಿ ಕೈಸಾಲ ಮಾಡಿ ಹಾಕಿಬಿಡುತ್ತಾಳೆ. ಮುಂದಿನ ತಿಂಗಳು ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ಆ 5,000 ಜಮೆಯೇ ಆಗಿಲ್ಲ. ಬಾಕಿ ಹಾಗೇ ನಿಂತಿದೆ, ಮೇಲೆ ದಂಡ ಬೇರೆ.

ಆ ಫೋನಿನ ಒಂದೊಂದು ಮಾತನ್ನೂ ಬಿಡಿಸಿ ನೋಡಿ. ರಾತ್ರಿ ಎಂಟು ಗಂಟೆಗೆ ಫೋನ್ ಮಾಡಿದ್ದೇ ತಪ್ಪು. 2022ರ ಆಗಸ್ಟ್ 12ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಸಂಘ ಕಟ್ಟಿಸಿ ಕೊಡುವಂಥ ಮೈಕ್ರೋಫೈನಾನ್ಸ್ ಸಾಲ ಆದರೆ ಇನ್ನೂ ಬಿಗಿ: ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ.

ಇನ್ನು ಪೊಲೀಸರು. ಕಂತು ಕಟ್ಟಲಾಗದ್ದು ಅಪರಾಧವಲ್ಲ, ಅದು ಸಿವಿಲ್ ವ್ಯವಹಾರ. ಅದಕ್ಕಾಗಿ ಪೊಲೀಸರು ಹಿಡಿದುಕೊಂಡು ಹೋಗುವುದಿಲ್ಲ. ನೀವು ಕೊಟ್ಟ ಚೆಕ್ ಬೌನ್ಸ್ ಆದರೆ ಮಾತ್ರ ಅದರ ಕೇಸು ಬೇರೆ, ಅದು ಕೋರ್ಟಿನ ಮೂಲಕ ಬರುತ್ತದೆ. ವಾಟ್ಸಾಪಿನಲ್ಲಿ ಬರುವ 'ಅರೆಸ್ಟ್ ವಾರಂಟ್' ನೋಡಿ ನಡುಗಬೇಡಿ. ವಾರಂಟ್ ಹೊರಡಿಸುವುದು ನ್ಯಾಯಾಲಯ, ಏಜೆನ್ಸಿ ಅಲ್ಲ.

ಮಷೀನ್ ವಿಷಯಕ್ಕೆ ಬರೋಣ. ಅದನ್ನು ಅಡವಿಟ್ಟು ಸಾಲ ಪಡೆದಿಲ್ಲ ಅಂದಮೇಲೆ ಮುಟ್ಟುವ ಹಕ್ಕು ಏಜೆಂಟನಿಗೆ ಎಲ್ಲಿಯದು? ಅಷ್ಟೇ ಅಲ್ಲ, ಸಾಲ ತೀರಿಸಿ ಎಂದು ಕೋರ್ಟಿನ ಡಿಕ್ರಿ, ಅಂದರೆ ತೀರ್ಪು, ಆದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. ಅಡುಗೆ ಪಾತ್ರೆ, ಹಾಸಿಗೆ, ಹೆಂಗಸು ಧರ್ಮದ ಪ್ರಕಾರ ಮೈಮೇಲಿಂದ ತೆಗೆಯಬಾರದ ತಾಳಿಯಂಥ ಒಡವೆ, ಇವೂ ಹಾಗೆಯೇ. ನ್ಯಾಯಾಧೀಶರೇ ಜಪ್ತಿ ಮಾಡಲಾಗದ್ದನ್ನು ಬಾಗಿಲಿಗೆ ಬಂದ ಹುಡುಗ ಎತ್ತಿಕೊಂಡು ಹೋಗುತ್ತೇನೆ ಅಂದರೆ ಯಾಕೆ ನಂಬಬೇಕು?

ಅಕ್ಕಪಕ್ಕದವರಿಗೆ ಹೇಳುತ್ತೇವೆ ಅಂದದ್ದೂ ನಿಯಮಕ್ಕೆ ವಿರುದ್ಧ. ಸಾಲಗಾರರನ್ನು ನಾಲ್ಕು ಜನರ ಮುಂದೆ ಅವಮಾನ ಮಾಡುವುದು, ಮನೆಯವರಿಗೆ, ಸ್ನೇಹಿತರಿಗೆ ಕಾಟ ಕೊಡುವುದು, ಹೆಸರು ಹೇಳದೆ ಬೆದರಿಸುವುದು, ಇವೆಲ್ಲವನ್ನೂ ಅದೇ ಸುತ್ತೋಲೆ ನಿಷೇಧಿಸಿದೆ. ನಿಮ್ಮನ್ನು ಬಿಟ್ಟರೆ, ಜೊತೆಗೆ ಸಾಲಕ್ಕೋ ಜಾಮೀನಿಗೋ ಸಹಿ ಹಾಕಿದವರು ಮಾತ್ರ ಸಾಲಕ್ಕೆ ಹೊಣೆ. ಅರ್ಜಿಯಲ್ಲಿ ಪರಿಚಯಕ್ಕೆಂದು ನಂಬರು ಕೊಟ್ಟ ಅತ್ತಿಗೆಯೋ ಸೋದರಮಾವನೋ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.

ಕೊನೆಯದು ಆ 5,000. ದುಡ್ಡು ಹೋಗಬೇಕಾದ್ದು ಸಾಲ ಕೊಟ್ಟವರ ಖಾತೆಗೆ, ನಿಮ್ಮ ಸಾಲದ ಖಾತೆ ನಂಬರಿಗೆ. ಏಜೆಂಟನ ಸ್ವಂತ ಫೋನ್‌ಪೇ, ಗೂಗಲ್‌ಪೇಗೆ ಖಂಡಿತ ಬೇಡ. ಆಕೆ ಫೋನಿನಲ್ಲಿ "ಮೊದಲು ಕಾಗದ ಕಳಿಸಿ" ಅಂದಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಉದಾಹರಣೆಯೇ ಉದ್ದವಾಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ, ಪೆನ್ನು ತೆಗೆದುಕೊಳ್ಳಿ.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕರೆಯ ದಿನ, ಗಂಟೆ, ನಂಬರು, ಹೇಳಿದ ಹೆಸರು, ಆಡಿದ ಮಾತು ಬರೆದಿಡಿ. ಸಾಧ್ಯವಾದರೆ ರೆಕಾರ್ಡ್ ಮಾಡಿ. ಆಮೇಲೆ ಸಾಲ ಕೊಟ್ಟ ಸಂಸ್ಥೆಗೇ ಬರೆಯಿರಿ, ಏಜೆನ್ಸಿಗಲ್ಲ. ಏಜೆಂಟ್ ಮಾಡಿದ ತಪ್ಪಿಗೆ ಸಂಸ್ಥೆಯೇ ಹೊಣೆ. ಕುಂದುಕೊರತೆ ಅಧಿಕಾರಿಗೆ ಎಂದು ವಿಳಾಸ ಹಾಕಿ. ಸಾಲದ ಖಾತೆ ನಂಬರು ಬರೆದು ಅಸಲು ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು, ಬಿಡಿಬಿಡಿಯಾಗಿ ಲೆಕ್ಕ ಕೇಳಿ. ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ ಎಂದು 2023ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಬಹಳ ಜನರ ಲೆಕ್ಕ ಉಬ್ಬುವುದು ಇಲ್ಲೇ. ಪತ್ರವನ್ನು ಶಾಖೆಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಸೀಲಿಲ್ಲದ ಪತ್ರ ಕೊಟ್ಟದ್ದಕ್ಕೆ ಸಾಕ್ಷಿ ಏನು?

30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ ತಡ ಮಾಡದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವೆಬ್‌ಸೈಟ್ ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್. ವಿಚಾರಿಸಲು 14448ಕ್ಕೆ ಫೋನ್ ಮಾಡಿ. ಇಲ್ಲಿಯೂ ಅವರು ಮೊದಲು ಕೇಳುವುದು ಆ ಸೀಲು ಬಿದ್ದ ಪ್ರತಿಯನ್ನೇ.

ನೋಂದಣಿಯಿಲ್ಲದ ಲೇವಾದೇವಿಯವರ ಕಾಟಕ್ಕೆ ಒಂಬುಡ್ಸ್‌ಮನ್ ಅಲ್ಲ, ಪೊಲೀಸ್ ಠಾಣೆ. 2025ರಲ್ಲಿ ಕರ್ನಾಟಕ ತಂದ ಕಾನೂನಿನಲ್ಲಿ ಸಣ್ಣ ಸಾಲಕ್ಕೆ ಬಲವಂತ ಮಾಡುವವರಿಗೆ 6 ತಿಂಗಳಿಂದ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಯಾರಾದರೂ ಮೈಮುಟ್ಟಿದರೆ, ಒಳಗೆ ನುಗ್ಗಿದರೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ವಕೀಲರ ಸಹಾಯ ಬೇಕಾದರೆ 15100, ಕಾನೂನು ಸೇವಾ ಪ್ರಾಧಿಕಾರ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ನೆರವು ಉಚಿತ.

ಹೊಂದಾಣಿಕೆ ಮಾಡಿಕೊಂಡು ಸಾಲ ಮುಗಿಸುವವರಿಗೂ ಒಂದು ಮಾತು. "ಇಷ್ಟು ಕಟ್ಟಿ, ಮುಗೀತು" ಎಂಬ ಬಾಯಿಮಾತಿಗೆ ದುಡ್ಡು ಕಟ್ಟಬೇಡಿ. ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಒಪ್ಪಿಗೆ ಪತ್ರ ಕೈಗೆ ಬಂದಮೇಲೆ ಕಟ್ಟಿ, ಕಟ್ಟಿದ ಮೇಲೆ ಬಾಕಿ ಇಲ್ಲ ಎಂಬ ಪ್ರಮಾಣಪತ್ರವನ್ನೂ ಪಡೆದುಕೊಳ್ಳಿ. ಅದನ್ನು ಪಹಣಿ, ಆಧಾರ್ ಜೊತೆಗೇ ಎತ್ತಿಡಿ.

ನಮಸ್ಕಾರ.