ಉಪ್ಪಿನ ಗಂಟು ಎರಡೇಕೆ?

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಒಂದು ಭಾನುವಾರ ಶಿವಗಂಗೆ ಬೆಟ್ಟಕ್ಕೆ ಹೋಗಿದ್ದೆವು. ಒಳಕಲ್ಲು ತೀರ್ಥಕ್ಕೆ ಕೈಹಾಕಿ, ಮೇಲಿನ ಬಸವನವರೆಗೂ ಹತ್ತಿ ಇಳಿದು, ಸಂಜೆಗೆಲ್ಲ ಬೆಂಗಳೂರು ಸೇರಿದೆವು. ಅವತ್ತು ಮೈಗೆ ಏನೂ ಅನ್ನಿಸಲಿಲ್ಲ. ಸೋಮವಾರ ಕಾಲು ಒಂಚೂರು ಬಿಗಿ. ಮಂಗಳವಾರ ನೋಡಿ, ಮನೆ ಮೆಟ್ಟಿಲನ್ನು ಕಂಬಿ ಹಿಡಿದು, ಅಡ್ಡಡ್ಡ ಕಾಲಿಟ್ಟು ಏಡಿಯ ಹಾಗೆ ಇಳಿದೆ.

ನಾವು ಬೆಟ್ಟ ಹತ್ತಿದ್ದನ್ನು ದೂರುತ್ತೇವೆ. ಕಿತಾಪತಿ ಮಾಡಿದ್ದು ಇಳಿದದ್ದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ನಿಲ್ಲಿಸಬೇಕು. ಆ ಎಳೆದಾಟದಲ್ಲಿ ಅದರ ನಾರುಗಳು ಅಲ್ಲಲ್ಲಿ ಸಣ್ಣದಾಗಿ ಹರಿಯುತ್ತವೆ. ಮೈ ಅದರ ರಿಪೇರಿಗೆ ಕೂತಾಗ ನೋವು ಏರುತ್ತದೆ, ಸಾಮಾನ್ಯವಾಗಿ 24ರಿಂದ 72 ಗಂಟೆಯ ನಡುವೆ. ಜಿಮ್‌ಗೆ ಹೋಗುವವರು ಇದನ್ನು, ದುಡಿಯುವ ಸ್ನಾಯುವಿನಲ್ಲಿ ಸೇರುವ ಲ್ಯಾಕ್ಟಿಕ್ ಆಸಿಡ್ ಮೇಲೆ ಹೊರಿಸುತ್ತಾರೆ. ಪಾಪ, ಅದು ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ.

ಮೈಕೈ ಹಿಡಿದುಕೊಂಡರೆ ನಮ್ಮಜ್ಜಿಯದು ಉಪ್ಪಿನ ಶಾಖ. ಬಾಣಲೆಯಲ್ಲಿ ಕಲ್ಲುಪ್ಪು ಚಟಪಟ ಅನ್ನುವವರೆಗೆ ಹುರಿದು, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟೋರು. ಯಾವಾಗಲೂ ಎರಡು ಗಂಟು: ಒಂದು ಬೆನ್ನ ಮೇಲೆ, ಇನ್ನೊಂದು ಕಾವಲಿ ಮೇಲೆ. ಎರಡು ಯಾಕಜ್ಜಿ ಅಂದರೆ, "ಒಂದು ಆರಿಹೋಗತ್ತೆ ಕಣೋ" ಅಷ್ಟೇ ಉತ್ತರ. ಅವರು ಹೇಳಿದ್ದು ಭೌತಶಾಸ್ತ್ರ. ತೂಕಕ್ಕೆ ತೂಕ ನೋಡಿದರೆ, ಒಂದು ಡಿಗ್ರಿ ಆರುವಾಗ ನೀರು ಕೊಡುವ ಶಾಖದ ಐದನೇ ಒಂದು ಪಾಲನ್ನಷ್ಟೇ ಉಪ್ಪು ಕೊಡುತ್ತದೆ. ಬೇಗ ಕಾಯುತ್ತದೆ, ಬೇಗ ಆರುತ್ತದೆ. ರಬ್ಬರ್ ಚೀಲದ ಬಿಸಿನೀರಾದರೆ 20 ನಿಮಿಷ ಬೆಚ್ಚಗೆ ಕೂತಿರುತ್ತದೆ. ನಮಗೆ ಬೇಕಾದದ್ದೂ 15–20 ನಿಮಿಷವೇ. ಆದರೆ ಕುತ್ತಿಗೆಯ ತಗ್ಗಿಗೆ, ಭುಜದ ಸಂದಿಗೆ ಗಂಟು ಕೂತಷ್ಟು ಒಪ್ಪವಾಗಿ ಚೀಲ ಕೂರುವುದಿಲ್ಲ. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು, ಆಮೇಲೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೂ ಕೂತು ಬರುವ ಕುತ್ತಿಗೆಗೆ ನಾನು ಈಗಲೂ ಗಂಟನ್ನೇ ಕಟ್ಟುತ್ತೇನೆ.

ಒಂದು ಎಚ್ಚರ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮೂರಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಅದರಾಚೆ ಏರುವುದಿಲ್ಲ. ಬಾಣಲೆಯ ಉಪ್ಪಿಗೆ ಆ ಲಗಾಮೂ ಇಲ್ಲ. ಗಂಟನ್ನು ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಚೀಲಕ್ಕೂ ಕುದಿನೀರು ಬೇಡ. ಮುಕ್ಕಾಲಿಗಿಂತ ಕಡಿಮೆ ತುಂಬಿ, ಗಾಳಿ ಹೊರಹಾಕಿ, ಟವೆಲ್ ಸುತ್ತಿ.

ಬಿಸಿ ತಾಕಿದರೆ ರಕ್ತನಾಳ ಅರಳುತ್ತದೆ, ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ಆದರೆ ಹಿತ ಎಲ್ಲಿಗೆ ಮುಗಿದು ಉರಿ ಎಲ್ಲಿ ಶುರು? ಸುಮಾರು 43 ಡಿಗ್ರಿಯಲ್ಲಿ. ಅಲ್ಲಿ ನರದ ತುದಿಯ ಒಂದು ಬಾಗಿಲು ತೆರೆದು "ಸುಡುತ್ತಿದೆ" ಅಂತ ಕೂಗುತ್ತದೆ. ಅದನ್ನು ಪತ್ತೆಹಚ್ಚಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅವರು ಹುಡುಕುತ್ತ ಹೊರಟದ್ದು ಮೆಣಸಿನಕಾಯಿಯ ಖಾರವನ್ನು! ಖಾರಕ್ಕೂ ಬಿಸಿಗೂ ಒಂದೇ ಬಾಗಿಲು. ಖಾರದ ಚಟ್ನಿ ತಿಂದು ನಾವು "ಬಾಯಿ ಉರಿ" ಅನ್ನುವುದು ಸುಮ್ಮನೆ ಅಲ್ಲ. ಇನ್ನೊಂದು ಎಚ್ಚರ: ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಮತ್ತೆ ಶಾಖ ಕೊಡಬೇಡಿ, ಚರ್ಮ ಬೊಬ್ಬೆ ಏಳಬಹುದು.

ಲಕ್ಕಿಸೊಪ್ಪು ಹಾಕಿ ಕಾಯಿಸಿದ ನೀರಿನ ಸ್ನಾನವೂ ಒಳ್ಳೆಯದೇ. ಹಂಡೆ ಇಲ್ಲದಿದ್ದರೆ ಗೀಸರ್ ಇದೆಯಲ್ಲ. ಸೊಪ್ಪಿನ ಪರಿಮಳ ಮನಸ್ಸಿಗೆ, ಮೈಗೆ ದುಡಿಯುವುದು ಬಿಸಿನೀರು, ಇದು ನನ್ನ ಲೆಕ್ಕ.

ಕಾಲು ಉಳುಕಿ ಬಾವು ಬಂದಿದ್ದರೆ ಮೊದಲ ಎರಡು ದಿನ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ, ಅವರಂತೂ ಪಾದಕ್ಕೆ ಶಾಖ ಕೊಡಲೇಬಾರದು. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ, ವಿಪರೀತ ವ್ಯಾಯಾಮದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಉಪ್ಪು ಹುರಿಯುತ್ತ ನಿಲ್ಲದೆ ತಕ್ಷಣ ಆಸ್ಪತ್ರೆಗೆ ಹೋಗಿ. ಎಲೆಕ್ಟ್ರಿಕ್ ಪ್ಯಾಡ್ ಹಾಕಿಕೊಂಡು ನಿದ್ದೆ ಹೋಗುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಇನ್ನು, ಶಾಖ ಕೊಟ್ಟ ಮಾತ್ರಕ್ಕೆ ಹರಿದ ನಾರು ಕೂಡಿಕೊಳ್ಳುವುದಿಲ್ಲ. ಅದು ಗಳಿಸಿಕೊಡುವುದು ಸ್ವಲ್ಪ ಹೊತ್ತಿನ ಸಡಿಲು. ಆ ಹೊತ್ತಿನಲ್ಲಿ ಮತ್ತೆ ಮಲಗಿದರೆ ಪಡೆದದ್ದು ವ್ಯರ್ಥ. ಮಂಗಳವಾರ ಸಂಜೆ ತೊಡೆಗೆ ಶಾಖ ತೆಗೆದುಕೊಂಡು, ಗಂಟು ಬಿಚ್ಚಿಟ್ಟು, ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ನಿಧಾನವಾಗಿ ಎರಡು ಸುತ್ತು ಹಾಕಿದೆ. ಬುಧವಾರ ಮೂರು. ಗುರುವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಮೆಟ್ಟಿಲಿಳಿದವನು, ಕಂಬಿ ಮುಟ್ಟಿಲ್ಲ ಅಂತ ನೆನಪಾದದ್ದು ಗೇಟಿನ ಹತ್ತಿರ ಬಂದ ಮೇಲೆ.

ನಮಸ್ಕಾರ.