ಪಕ್ಕದ ಕೋಣೆಗೆ ಹೊರಟ ಫೈಲು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಮೂಡಿಗೆರೆ, ಆಲ್ದೂರು ಕಡೆಯಿಂದೆಲ್ಲ ಚಿಕ್ಕಮಗಳೂರಿಗೆ ಬಂದಿದ್ದೀರಿ, ತುಂಬ ಖುಷಿಯಾಯಿತು. ಇಲ್ಲಿ ಫೋಟೊ ಸ್ಟುಡಿಯೊದವರಿದ್ದೀರಿ, ಹೋಮ್‌ಸ್ಟೇ ನಡೆಸುವವರಿದ್ದೀರಿ, ತೋಟದ ಲೆಕ್ಕ ಕಂಪ್ಯೂಟರಿಗೆ ಹಾಕುವವರಿದ್ದೀರಿ. ಎಲ್ಲರ ದೂರೂ ಒಂದೇ. ಲ್ಯಾಪ್‌ಟಾಪಿನಿಂದ ಪಕ್ಕದ ಕೋಣೆಯ ಕಂಪ್ಯೂಟರಿಗೆ ಮದುವೆ ವಿಡಿಯೊ ಹಾಕಿದರೆ ಮುಗಿಯುವುದೇ ಇಲ್ಲ, ಇಲ್ಲವೇ ಅರ್ಧಕ್ಕೆ ನಿಂತುಬಿಡುತ್ತದೆ.

ಈ ಫೈಲು ನಿಮ್ಮ ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಇಂಟರ್ನೆಟ್ ಪೂರ್ತಿ ಕಟ್ ಆಗಿದ್ದರೂ ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಬೇಕು. ಅದಕ್ಕಾಗಿ ದೊಡ್ಡ ಪ್ಲ್ಯಾನಿಗೆ ದುಡ್ಡು ಕಟ್ಟಬೇಡಿ. ಜನ ಹೀಗೆ ಸುಮ್ನೆ ತಿಂಗಳು ತಿಂಗಳು ಜಾಸ್ತಿ ಕಟ್ಟುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಫೈಲು ಒಂದು ಡಿಸ್ಕಿನಿಂದ ಹೊರಡಬೇಕು, ಕೇಬಲ್ಲೋ ವೈಫೈಯೋ ದಾಟಬೇಕು, ಇನ್ನೊಂದು ಡಿಸ್ಕಿನಲ್ಲಿ ಕೂರಬೇಕು. ಮಂಗಳೂರಿಗೆ ಹೋಗುವಾಗ ಮಿಕ್ಕ ರಸ್ತೆ ಎಷ್ಟೇ ಚೆನ್ನಾಗಿರಲಿ, ಎಷ್ಟು ಹೊತ್ತಿಗೆ ತಲುಪುತ್ತೇವೆ ಅಂತ ಹೇಳುವುದು ಚಾರ್ಮಾಡಿ ಘಾಟಿ ಅಲ್ವಾ? ನಿಮ್ಮ ಮನೆಯ ಘಾಟಿ ಎಲ್ಲಿದೆ ಅಂತ ಹುಡುಕಬೇಕು, ಅಷ್ಟೇ.

ಒಂದು ಸಣ್ಣ ಲೆಕ್ಕ. ರೂಟರ್ ಡಬ್ಬದ ಮೇಲೆ ಬರೆಯುವ 100 ಎಂಬಿಪಿಎಸ್ ಬಿಟ್ ಲೆಕ್ಕದ್ದು, ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಕಾಪಿ ಮಾಡುವಾಗ ಪರದೆಯಲ್ಲಿ ಕಾಣುವುದು ಬೈಟ್ ಲೆಕ್ಕ. 8 ಬಿಟ್‌ಗೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಎಂಬಿ, ನಿಜಕ್ಕೂ ಕೈಗೆ ಸಿಗುವುದು ಸುಮಾರು 11. ಜಿಗಾಬಿಟ್, ಅಂದರೆ 1000 ಎಂಬಿಪಿಎಸ್ ಆದರೆ ಸುಮಾರು 110. 50 ಜಿಬಿ ವಿಡಿಯೊ ಮೊದಲನೆಯದರಲ್ಲಿ ಒಂದೂಕಾಲು ಗಂಟೆ ತಿನ್ನುತ್ತದೆ, ಎರಡನೆಯದರಲ್ಲಿ ಎಂಟು ನಿಮಿಷದೊಳಗೆ ಮುಗಿಯುತ್ತದೆ. ಕಾಪಿ ವೇಗ ಏರದೆ, ಇಳಿಯದೆ 11ರಲ್ಲೇ ನಿಂತಿದ್ದರೆ ತಿಳಿದುಕೊಳ್ಳಿ, ದಾರಿಯಲ್ಲಿ ಎಲ್ಲೋ ಒಂದು ಕೊಂಡಿ 100ಕ್ಕೆ ಇಳಿದಿದೆ.

ಯಾಕೆ ಇಳಿಯುತ್ತದೆ? ಲ್ಯಾನ್ ಕೇಬಲ್ಲಿನ ತುದಿಯ ಈ ಪ್ಲಗ್ ನೋಡಿ, ಇದರ ಹೆಸರು ಆರ್‌ಜೆ 45. ಒಳಗೆ ಎಂಟು ತಂತಿ. ಕಿತ್ತಳೆ, ಹಸಿರು, ನೀಲಿ, ಕಂದು ಜೋಡಿಗಳು. 100ಕ್ಕೆ ಕಿತ್ತಳೆ, ಹಸಿರು ಎರಡೇ ಜೋಡಿ ಸಾಕು. ಜಿಗಾಬಿಟ್‌ಗೆ ನಾಲ್ಕೂ ಬೇಕು. ಈ ಕೇಬಲ್ಲಿನ ತುದಿ ಬೆಳಕಿಗೆ ಹಿಡಿದರೆ ಕಂದು ತಂತಿ ಪ್ಲಗ್ಗಿನ ಕೊನೆ ಮುಟ್ಟಿಲ್ಲ, ಒಂದು ಕೂದಲೆಳೆಯಷ್ಟು ಹಿಂದೆ ನಿಂತಿದೆ. ಪಿನ್ ಅದನ್ನು ಕಚ್ಚಿಲ್ಲ. ಕೇಬಲ್ ಕೆಲಸ ಮಾಡುತ್ತದೆ, ಲೈಟೂ ಮಿನುಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ವೇಗ ಮಾತ್ರ ಹತ್ತರಲ್ಲಿ ಒಂದು ಪಾಲು. ಸಿಸಿಟಿವಿ ಕ್ಯಾಮೆರಾಕ್ಕೆ ಅಂತ ನಾಲ್ಕೇ ತಂತಿ ಕೂರಿಸಿದ ಕೇಬಲ್ಲನ್ನು ಆಮೇಲೆ ಕಂಪ್ಯೂಟರಿಗೆ ಹಾಕಿದರೂ ಇದೇ ಕಥೆ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ಅಂತ ಇರುತ್ತದೆ. 1000 ಇರಬೇಕಾದಲ್ಲಿ 100 ಕಂಡರೆ ಮೊದಲು ಕೇಬಲ್ ಬದಲಿಸಿ. ಆಗಲೂ 100 ಇದ್ದರೆ ರೂಟರಿನ ಪೋರ್ಟೇ, ಅಂದರೆ ಕೇಬಲ್ ಸಿಕ್ಕಿಸುವ ಜಾಗವೇ, ಅಷ್ಟರದ್ದಿರಬಹುದು. ಕಡಿಮೆ ಬೆಲೆಯ ಎಷ್ಟೋ ರೂಟರುಗಳಲ್ಲಿ ಹಾಗೇ ಇರುತ್ತದೆ. ಒಂದು ಜಿಗಾಬಿಟ್ ಸ್ವಿಚ್, ಅಂದರೆ ಹಲವು ಲ್ಯಾನ್ ಕೇಬಲ್ಲುಗಳನ್ನು ಒಟ್ಟು ಸೇರಿಸುವ ಡಬ್ಬ, ತಂದು ಎರಡೂ ಕಂಪ್ಯೂಟರನ್ನು ಅದಕ್ಕೆ ಸೇರಿಸಿದರೆ ಸಾಕು, ರೂಟರ್ ಬದಲಿಸಬೇಕಾಗಿಲ್ಲ.

ನಮ್ಮ ತೋಟದ ಕಡೆಯವರಿಗೆ ಇನ್ನೊಂದು ಮಾತು. ಮನೆಯಿಂದ ಕಣದ ಪಕ್ಕದ ಆಫೀಸಿಗೆ ಸಿಲ್ವರ್ ಮರಗಳ ಮೇಲೆ ಲ್ಯಾನ್ ಕೇಬಲ್ ಎಳೆದಿರುತ್ತೀರಿ. ತಾಮ್ರದ ಲ್ಯಾನ್ ಕೇಬಲ್ಲಿಗೆ 100 ಮೀಟರ್ ಮಿತಿ. ಅಳಿಲು ಕಚ್ಚಿದಲ್ಲಿ ಮಳೆನೀರು ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲು ಹತ್ತಿರದಲ್ಲೆಲ್ಲೋ ಹೊಡೆದರೂ ಉದ್ದ ತಂತಿಯಲ್ಲಿ ಹರಿದು ಪೋರ್ಟ್ ಸುಡಬಹುದು. ಕೆಲವೊಮ್ಮೆ ಪೋರ್ಟ್ ಪೂರ್ತಿ ಸಾಯದೆ ಅರೆಜೀವವಾಗಿ ಉಳಿಯುತ್ತದೆ, ಅದನ್ನು ಹಿಡಿಯುವುದು ಬಹಳ ಕಷ್ಟ. ಹೊರಗೆ ಹೋಗುವ ಲೈನಿಗೆ ಫೈಬರ್ ಹಾಕಿಸಿ. ಗಾಜಿನೆಳೆಯಲ್ಲಿ ಕರೆಂಟ್ ಹರಿಯುವುದಿಲ್ಲ.

ವೈಫೈ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆ ಮನೆಗಳ ದಪ್ಪ ಮಣ್ಣಿನ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ತರಂಗ ದಾಟುವುದು ಕಷ್ಟ. 2.4 ದಾಟುತ್ತದೆ, ಆದರೆ ನಿಧಾನ. ಎರಡೂ ಕಂಪ್ಯೂಟರ್ ವೈಫೈಯಲ್ಲೇ ಇದ್ದರೆ ಪ್ರತಿ ಬೈಟೂ ಗಾಳಿಯಲ್ಲಿ ಎರಡು ಸಲ ಓಡಾಡಬೇಕು, ವೇಗ ಅರ್ಧಕ್ಕಿಳಿಯುತ್ತದೆ. ಒಂದನ್ನಾದರೂ ಕೇಬಲ್ಲಿಗೆ ಹಾಕಿ.

ಇಷ್ಟಾದರೂ ಸರಿಹೋಗದಿದ್ದರೆ ಡಿಸ್ಕ್ ನೋಡಬೇಕು. ಶುರುವಿನಲ್ಲಿ ಜೋರಾಗಿ ಓಡಿ ಆಮೇಲೆ ಸೊನ್ನೆಗೆ ಬೀಳುತ್ತದಲ್ಲ, ಅದು ಬಹುಪಾಲು ಡಿಸ್ಕಿನದೇ ಕೆಲಸ. ಮೊದಲಷ್ಟು ಡೇಟಾ ಮೆಮೊರಿಗೆ ಹೋಗಿ ಕೂರುತ್ತದೆ, ಅದು ತುಂಬಿದ ಮೇಲೆ ಡಿಸ್ಕಿನ ಇಲ್ಲವೇ ಪೆನ್‌ಡ್ರೈವಿನ ನಿಜವಾದ ವೇಗ ಬಯಲಾಗುತ್ತದೆ. 4 ಜಿಬಿಗಿಂತ ದೊಡ್ಡ ಫೈಲನ್ನು ಪೆನ್‌ಡ್ರೈವ್ ಒಪ್ಪುತ್ತಿಲ್ಲ ಅಂದರೆ ಅದು ಫ್ಯಾಟ್ 32 ಅನ್ನುವ ಹಳೆ ಫೈಲ್ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಆಗಿರಬಹುದು. ಸಾವಿರಾರು ಸಣ್ಣ ಫೋಟೊ ಕಳಿಸುವಾಗ ಒಂದೊಂದಕ್ಕೂ ಎರಡು ಕಂಪ್ಯೂಟರ್ ಮಾತಾಡಿಕೊಳ್ಳಬೇಕು. ಎಲ್ಲವನ್ನೂ ಒಂದೇ ಜಿಪ್ ಫೈಲ್ ಮಾಡಿ ಕಳಿಸಿ.

ತಪ್ಪು ಡಿಸ್ಕಿನದೋ ನೆಟ್‌ವರ್ಕಿನದೋ ಅಂತ ಖಚಿತವಾಗಿ ಹೇಳುವ ಉಚಿತ ತಂತ್ರಾಂಶ ಐಪರ್ಫ್ 3. ಎರಡೂ ಕಡೆ ಹಾಕಿ ಓಡಿಸಿದರೆ ಅದು ಡಿಸ್ಕನ್ನು ಮುಟ್ಟದೆ ನೆಟ್‌ವರ್ಕನ್ನು ಮಾತ್ರ ಅಳೆಯುತ್ತದೆ. ಜಿಗಾಬಿಟ್ ಕೇಬಲ್ಲಿನಲ್ಲಿ 940 ಎಂಬಿಪಿಎಸ್ ಆಸುಪಾಸು ಬಂದರೆ ಕೇಬಲ್ ಬಿಟ್ಟು ಡಿಸ್ಕ್ ಹಿಡಿಯಿರಿ. ಇದೊಂದು ಅಳತೆ ಮಾಡದೆ ಯಾವ ಸಾಮಾನನ್ನೂ ಕೊಳ್ಳಬೇಡಿ.

ಅರ್ಧಕ್ಕೆ ನಿಲ್ಲುವವರು ಲ್ಯಾಪ್‌ಟಾಪ್ ನಿದ್ದೆಗೆ ಜಾರುತ್ತಿದೆಯಾ ಅಂತ ನೋಡಿ, ಆ ಸೆಟ್ಟಿಂಗ್ ತೆಗೆಯಿರಿ. ದೊಡ್ಡ ಫೈಲಿಗೆ ವಿಂಡೋಸ್‌ನಲ್ಲೇ ಇರುವ ರೋಬೊಕಾಪಿ ಅನ್ನುವ ಕಮಾಂಡ್ ಬಳಸಿ. ಅದರ ಜೊತೆ ಸ್ಲ್ಯಾಶ್ ಝಡ್ (/Z) ಅಂತ ಸೇರಿಸಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಮೊದಲಿಂದ ಶುರು ಮಾಡಬೇಕಾಗಿಲ್ಲ.

ಮನೆಯಿಂದ ಕೇಬಲ್ ತಂದವರು ಈಗ ಮುಂದೆ ಬನ್ನಿ. ಟೆಸ್ಟರು, ಪ್ಲಗ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲು, ಹೊಸ ಪ್ಲಗ್ಗು ಇಲ್ಲೇ ಮೇಜಿನ ಮೇಲಿವೆ. ಟೆಸ್ಟರಿನಲ್ಲಿ ಎಂಟು ಲೈಟೂ ಹೊತ್ತದ ಕೇಬಲ್ಲನ್ನು ಇವತ್ತೇ ಸರಿಮಾಡೋಣ.