ಇಪ್ಪತ್ತು ಪ್ರಬಂಧಗಳ ಕಟ್ಟು

ನಮಸ್ಕಾರ ಕೇಳುಗರೇ.

ಇಂಗ್ಲಿಷ್ ಎಂ.ಎ. ಮುಗಿಸಿ ಅಮೆರಿಕಕ್ಕೆ ಹೊರಟವರನ್ನು, ಮುಂದೆ ಏನು ಕಲಿಸ್ತೀಯಪ್ಪಾ ಅಂತ ಕೇಳಿ ನೋಡಿ. ಶೇಕ್ಸ್‌ಪಿಯರ್ ಅಂತಾರೆ. ನಾನೂ ಹಾಗೇ ಹೇಳಿ ಹೋದವನು. ಅಲ್ಲಿಗೆ ಹೋಗಿ ಒಂದೇ ತಿಂಗಳಿಗೆ ಕೈಗೆ ಬಂದದ್ದು ಇಪ್ಪತ್ತು ಹುಡುಗರ ಪ್ರಬಂಧಗಳ ಕಟ್ಟು.

ಬರವಣಿಗೆ ಕಲಿಸುವ ಆ ಕ್ಲಾಸಿಗೆ ಅಲ್ಲಿ ಕಾಂಪೊಸಿಷನ್ ಅನ್ನುತ್ತಾರೆ. ಎಂಜಿನಿಯರ್ ಆಗುವವನಿರಲಿ, ನರ್ಸ್ ಆಗುವವಳಿರಲಿ, ಮೊದಲ ವರ್ಷ ಹೆಚ್ಚಿನವರಿಗೆ ಇದು ತಪ್ಪಿದ್ದಲ್ಲ. ಹಾಗಾಗಿ ಕಲಿಸುವವರು ಸದಾ ಬೇಕು. ಕಾಲೇಜಿನಲ್ಲಿ ಬರವಣಿಗೆ ಕಲಿಸುವವರದೇ ಒಂದು ಸಂಘ 1949ರಲ್ಲಿ ಹುಟ್ಟಿತು. ಕಾನ್ಫರೆನ್ಸ್ ಆನ್ ಕಾಲೇಜ್ ಕಾಂಪೊಸಿಷನ್ ಅಂಡ್ ಕಮ್ಯುನಿಕೇಷನ್ ಅಂತ ಹೆಸರು. ಅದರಲ್ಲಿ ನಾಲ್ಕು ‘ಸಿ’ ಇರುವುದರಿಂದ ಫೋರ್ ಸೀಸ್ ಅಂತಲೇ ಕರೆಯುತ್ತಾರೆ. ಒಂದು ಕ್ಲಾಸಿನಲ್ಲಿ 20ಕ್ಕಿಂತ ಹೆಚ್ಚು ಮಂದಿ ಬೇಡ, 15 ಆದರೆ ಒಳ್ಳೆಯದು ಅನ್ನುವುದು ಅವರ ಮಾತು. ಇಪ್ಪತ್ತು ಮಂದಿಯ ನಾಲ್ಕು ಕ್ಲಾಸು, ತಲೆಗೆ ನಾಲ್ಕು ಪ್ರಬಂಧ ಅಂದುಕೊಳ್ಳಿ. ಒಂದು ಸೆಮಿಸ್ಟರಿಗೆ 320 ಆಯಿತು, ಅಲ್ವಾ?

ಕೆಲಸ ಹುಡುಕುವವರು ಜಾಹೀರಾತಿನಲ್ಲಿ ಸಂಬಳಕ್ಕಿಂತ ಮೊದಲು ಒಂದು ಪದ ನೋಡಬೇಕು. ‘ಟೆನ್ಯೂರ್ ಟ್ರ್ಯಾಕ್’ ಅಂತಿದ್ದರೆ ಅದು ಕಾಯಂ ಆಗುವ ದಾರಿ. ಸಂಶೋಧನೆಗೆ ಸಮಯ ಸಿಗುತ್ತದೆ, ಪುಸ್ತಕ ಲೇಖನ ಬರೆಯಲೂ ಬೇಕು. ‘ಅಡ್ಜಂಕ್ಟ್’ ಅಂತಿದ್ದರೆ ನಮ್ಮ ಅತಿಥಿ ಉಪನ್ಯಾಸಕರನ್ನು ನೆನೆಸಿಕೊಳ್ಳಿ. ಕೋರ್ಸಿಗೆ ಇಷ್ಟು ಅಂತ ದುಡ್ಡು, ಮುಂದಿನ ಸೆಮಿಸ್ಟರ್ ದೇವರಿಗೆ ಬಿಟ್ಟದ್ದು. ಇವೆರಡರ ನಡುವೆ ಲೆಕ್ಚರರ್ ಹುದ್ದೆಗಳಿವೆ. ಪಾಠ ಜಾಸ್ತಿ, ಸಂಶೋಧನೆಯ ಒತ್ತಾಯ ಕಮ್ಮಿ. ಕಲಿಸುವುದೇ ಇಷ್ಟ ಅನ್ನುವವರಿಗೆ ಇದು ಕೀಳಲ್ಲ ಅನ್ನುವುದು ನನ್ನ ಅನಿಸಿಕೆ.

ಬೇಟೆ ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗೆ. ಎಂಎಲ್‌ಎ, ಅಂದರೆ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಅನ್ನುವ, ಭಾಷೆ ಸಾಹಿತ್ಯ ಕಲಿಸುವವರ ದೊಡ್ಡ ಸಂಘದ ಉದ್ಯೋಗಪಟ್ಟಿ ಒಂದು ಕಡೆ. ಈ ಕ್ಷೇತ್ರದ ಹುದ್ದೆಗಳನ್ನೇ ನಕಾಶೆಯ ಮೇಲೆ ಗುರುತಿಸುವ ರೆಟ್ ಮ್ಯಾಪ್ ಅನ್ನುವ ವೆಬ್‌ಸೈಟ್ ಇನ್ನೊಂದು ಕಡೆ. ಮೊದಲೆಲ್ಲ ಎಂಎಲ್‌ಎ ಸಮ್ಮೇಳನ ಕ್ರಿಸ್‌ಮಸ್ ಮುಗಿದ ಕೂಡಲೇ ಬರುತ್ತಿತ್ತು. ಹಬ್ಬದೂಟ ಬಿಟ್ಟು ಹೋಟೆಲ್ ರೂಮಿನಲ್ಲಿ ಸಂದರ್ಶನ ಕೊಡಬೇಕಿತ್ತು. 2011ರಿಂದ ಅದು ಜನವರಿಗೆ ಹೋಯಿತು. ಈಗ ಮೊದಲ ಸುತ್ತು ಹೆಚ್ಚಾಗಿ ವಿಡಿಯೊ ಕರೆಯಲ್ಲೇ ಮುಗಿಯುತ್ತದೆ.

ಅರ್ಜಿಯ ಪತ್ರವನ್ನು ಒಂದೊಂದು ಕಡೆಗೂ ಬೇರೆಯಾಗಿ ಬರೆಯಿರಿ. ನಾನು ಒಮ್ಮೆ ಅವಸರದಲ್ಲಿ, ನಿಮ್ಮಲ್ಲೇ ಕೆಲಸ ಮಾಡುವುದು ನನ್ನ ಆಸೆ ಅಂತ ಬರೆದು, ಬೇರೆ ವಿಶ್ವವಿದ್ಯಾಲಯದ ಹೆಸರು ಹಾಕಿ ಕಳಿಸಿದ್ದೆ. ಬರವಣಿಗೆ ಕಲಿಸುವ ಕೆಲಸಕ್ಕೆ! ಉತ್ತರವೇ ಬರಲಿಲ್ಲ.

ಕೊನೆಯ ಸುತ್ತಿಗೆ ಕ್ಯಾಂಪಸ್ಸಿಗೇ ಕರೆಸುತ್ತಾರೆ. ಒಂದೆರಡು ದಿನ. ಸಂಶೋಧನೆಯ ಬಗ್ಗೆ ಭಾಷಣ, ಮಾದರಿ ಪಾಠ, ಡೀನ್ ಭೇಟಿ. ಊಟದ ಮೇಜೂ ಸಂದರ್ಶನವೇ, ಕೈಯಲ್ಲಿ ಫೋರ್ಕ್ ಇರುತ್ತದೆ ಅಷ್ಟೇ.

ಅಂಥದ್ದೊಂದು ಊಟದಲ್ಲಿ ನನ್ನನ್ನು ಕೇಳಿದರು, ಇಂಗ್ಲಿಷ್ ನಿಮ್ಮ ತಾಯ್ನುಡಿ ಅಲ್ಲವಲ್ಲ, ಕಷ್ಟ ಆಗಲ್ವಾ ಅಂತ. ನನ್ನ ಕ್ಲಾಸಿನ ಕೊರಿಯಾದ ಹುಡುಗಿಯ ಕಥೆ ಹೇಳಿದೆ. ‘ದಿ’ ಎಲ್ಲಿ ಹಾಕಬೇಕು, ‘ಎ’ ಎಲ್ಲಿ ಹಾಕಬೇಕು ಅಂತ ಅವಳಿಗೆ ತಿಳಿಯುತ್ತಿರಲಿಲ್ಲ. ಅವಳ ಭಾಷೆಯಲ್ಲಿ ಅವು ಇಲ್ಲ. ನನ್ನ ಕನ್ನಡದಲ್ಲೂ ಇಲ್ಲ. ಅವಳು ಎಲ್ಲಿ ಎಡವುತ್ತಾಳೆ ಅಂತ ನನಗೆ ಮೊದಲೇ ಗೊತ್ತಿತ್ತು, ನಾನೂ ಅಲ್ಲೇ ಎಡವಿದ್ದೆ. ಎದುರಿಗಿದ್ದವರು ತಿನ್ನುವುದನ್ನು ನಿಲ್ಲಿಸಿ, ಆ ಹುಡುಗಿಗೆ ಹೇಗೆ ಕಲಿಸಿದಿರಿ ಅಂತ ಕೇಳಿದರು.